ಶಿಲ್ಪಿಯ ಮನೆ ಮ್ಯೂಸಿಯಂ ಆಗುವ ಮೊದಲು ಹಿತ್ತಿಲ ಕೊಟ್ಟಿಗೆ ಉಳಿಯಬೇಕು

ಕರಾವಳಿಯ ಹಿರಿಯ ಶಿಲ್ಪಿಯೊಬ್ಬರ ಮನೆಯನ್ನು ಮ್ಯೂಸಿಯಂ ಮಾಡೋಣ ಎಂಬ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ ‘ಒಳಗೆ ಏನಿಡುವುದು?’ ಎಂಬುದು. ಚಿತ್ರ ಕಲಾವಿದರ ಮನೆಯಲ್ಲಾದರೆ ಮಾರಾಟವಾಗದ ಹತ್ತಿಪ್ಪತ್ತು ಚಿತ್ರಗಳಾದರೂ ಉಳಿದಿರುತ್ತವೆ. ದೇವಸ್ಥಾನಗಳಿಗೆ ವಿಗ್ರಹ ಕೆತ್ತಿಕೊಟ್ಟವರ ಮನೆಯಲ್ಲಿ ಮುಗಿದ ಕೆಲಸ ಉಳಿಯುವುದೇ ಇಲ್ಲ. ಅದು ಗರ್ಭಗುಡಿ ಸೇರಿ, ಪ್ರತಿಷ್ಠೆಯಾಗಿ, ಎಣ್ಣೆ, ಹಾಲು, ಚಂದನ, ಹೂವಿನ ಕೆಳಗೆ ಇರುತ್ತದೆ. ಅದನ್ನು ಹತ್ತಿರ ಹೋಗಿ ನೋಡುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಮ್ಯೂಸಿಯಂಗೆ ತರುವ ಮಾತಂತೂ ಇಲ್ಲವೇ ಇಲ್ಲ. ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆತ್ತಿದ 39 ಅಡಿಯ ಬಾಹುಬಲಿಯನ್ನು ನೋಡಬೇಕಾದರೆ ಧರ್ಮಸ್ಥಳಕ್ಕೆ ಹೋಗಬೇಕು. 1982ರಲ್ಲಿ ಪ್ರತಿಷ್ಠೆಯಾದ ಆ ಮೂರ್ತಿ ಅಲ್ಲಿ ತೆರೆದ ಜಾಗದಲ್ಲಿ ನಿಂತಿರುವುದರಿಂದ ಎಲ್ಲರ ಕಣ್ಣಿಗೂ ಸಿಗುತ್ತದೆ. ಉಳಿದ ನೂರಾರು ವಿಗ್ರಹಗಳಿಗೆ ಆ ಭಾಗ್ಯವಿಲ್ಲ.

ಆದ್ದರಿಂದ ಇಲ್ಲಿನ ಶಿಲ್ಪಿಯ ಮ್ಯೂಸಿಯಂ ತೋರಿಸಬಹುದಾದದ್ದು ಕೆಲಸವನ್ನು. ಕಲ್ಲು ಎಲ್ಲಿ ಇಳಿಯುತ್ತಿತ್ತು, ಗೆರೆ ಹೇಗೆ ಬೀಳುತ್ತಿತ್ತು, ಉಳಿಗೆ ಎಲ್ಲಿ ಹದ ಕೊಡುತ್ತಿದ್ದರು, ಬಿರುಕು ಕಂಡ ಕಲ್ಲನ್ನು ಎಲ್ಲಿಗೆ ಎಸೆಯುತ್ತಿದ್ದರು ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ಇವಿಷ್ಟೂ ಇರುವುದು ಮನೆಯ ಚಾವಡಿಯಲ್ಲಲ್ಲ, ಹಿತ್ತಿಲಲ್ಲಿರುವ ಕೆಲಸದ ಕೊಟ್ಟಿಗೆಯಲ್ಲಿ. ಸಂರಕ್ಷಣೆ ಎಂದು ಹೊರಟವರು ಮೊದಲು ಕೆಡವುವುದೂ ಅದನ್ನೇ. ಚಾವಡಿಯ ಕಂಬಕ್ಕೆ ಪಾಲಿಶ್ ಬೀಳುತ್ತದೆ, ಕೊಟ್ಟಿಗೆಯ ಜಾಗದಲ್ಲಿ ಶೌಚಾಲಯ ಮತ್ತು ಪಾರ್ಕಿಂಗ್ ಬರುತ್ತದೆ. ಹಾಗೆ ಮಾಡಿದರೆ ಉಳಿಯುವುದು ಇನ್ನೊಂದು ಹಳೆಯ ಹಂಚಿನ ಮನೆ ಮಾತ್ರ.

ಜಗತ್ತಿನ ಒಳ್ಳೆಯ ಉದಾಹರಣೆಗಳು ಇದನ್ನೇ ಹೇಳುತ್ತವೆ. ಶಿಲ್ಪಿ ಬ್ರಾಂಕುಸಿ 1956ರಲ್ಲಿ ತನ್ನ ಪ್ಯಾರಿಸ್ ಸ್ಟುಡಿಯೊವನ್ನು ಫ್ರಾನ್ಸ್ ಸರ್ಕಾರಕ್ಕೆ ಬರೆದುಕೊಟ್ಟಾಗ ಹಾಕಿದ ಷರತ್ತು, ಒಳಗಿನ ವಸ್ತುಗಳು ತಾನು ಇಟ್ಟ ಹಾಗೆಯೇ ಇರಬೇಕು ಎಂಬುದು. ಮೂಲ ಕಟ್ಟಡ ಹೋಯಿತು. 1997ರಲ್ಲಿ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಕಟ್ಟಿದ ಹೊಸ ಕಟ್ಟಡದಲ್ಲಿ ಜನ ಸ್ಟುಡಿಯೊದ ಒಳಗೆ ಕಾಲಿಡದೆ ಗಾಜಿನಾಚೆಯಿಂದ ಸುತ್ತಿ ನೋಡುತ್ತಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶಿಲ್ಪಿ ಡೇನಿಯಲ್ ಚೆಸ್ಟರ್ ಫ್ರೆಂಚ್‌ನ ಸ್ಟುಡಿಯೊ ಇದೆ. ದೊಡ್ಡ ಮೂರ್ತಿಯನ್ನು ಬಿಸಿಲಿಗೆ ತಂದು ನೋಡಲೆಂದು ಅವನು ನೆಲದಲ್ಲಿ ಹಾಕಿಸಿದ್ದ ರೈಲು ಹಳಿ ಅಲ್ಲಿ ಇಂದಿಗೂ ಇದೆ. ಆ ಹಳಿ ನೋಡಿದವನಿಗೆ ಶಿಲ್ಪಿ ಬೆಳಕಿನ ಬಗ್ಗೆ ಎಷ್ಟು ತಲೆಕೆಡಿಸಿಕೊಂಡಿದ್ದ ಎಂದು ಬೋರ್ಡ್ ಹಾಕಿ ಹೇಳಬೇಕಾಗಿಲ್ಲ.

ನಮ್ಮಲ್ಲೂ ಹಳೆಯ ಮನೆಗಳು ಸಾರ್ವಜನಿಕರಿಗೆ ತೆರೆದದ್ದುಂಟು. ಮಂಗಳೂರಿನ ಬಿಜೈಯಲ್ಲಿ ಹಡಗಿನ ಆಕಾರದ ಬಂಗಲೆಯನ್ನು ಕರ್ನಲ್ ಮಿರಾಜ್‌ಕರ್ ತಾಯಿಯ ನೆನಪಿಗೆ ದಾನ ಮಾಡಿದ್ದರಿಂದಲೇ 1960ರಲ್ಲಿ ಶ್ರೀಮಂತಿ ಬಾಯಿ ಸರ್ಕಾರಿ ವಸ್ತುಸಂಗ್ರಹಾಲಯ ಆರಂಭವಾಯಿತು. ಬಲ್ಲಾಳ್‌ಬಾಗ್‌ನ ಕೊಡಿಯಾಲ್‌ಗುತ್ತು ಮನೆ, ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಕೈಯಲ್ಲಿ ಕಲಾ ಕೇಂದ್ರವಾಗಿದೆ. ಮಣಿಪಾಲದ ಹಸ್ತಶಿಲ್ಪದಲ್ಲಿ ವಿಜಯನಾಥ ಶೆಣೈಯವರು ಕೆಡವಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದರು. ಅವರ ದಾರಿ ಅನಿವಾರ್ಯತೆಯ ದಾರಿ, ಇಲ್ಲವಾದರೆ ಆ ಮನೆಗಳು ಸೌದೆಯಾಗುತ್ತಿದ್ದವು. ಶಿಲ್ಪಿಯ ಕೊಟ್ಟಿಗೆಯನ್ನು ಮಾತ್ರ ಎತ್ತಿ ಬೇರೆಡೆ ಇಡಬಾರದು. ಕಲ್ಲು ಉರುಳಿಸಿ ತರುವ ಇಳಿಜಾರು, ಲಾರಿ ನಿಲ್ಲುವ ಅಂಗಳ, ಬೆಳಕು ಬರುವ ದಿಕ್ಕು, ಪಕ್ಕದ ಬಾವಿ ಇವೆಲ್ಲ ಸೇರಿಯೇ ಅದು ಕೆಲಸದ ಜಾಗ.

ಕಾಗದಪತ್ರ

ಪ್ರಾಚೀನ ಸ್ಮಾರಕಗಳ ಕಾನೂನು ನಮ್ಮ ಸಹಾಯಕ್ಕೆ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ, ಎರಡೂ ನೋಡುವುದು ಕನಿಷ್ಠ 100 ವರ್ಷ ಹಳೆಯದನ್ನು. 1940 ಅಥವಾ 1950ರ ದಶಕದಲ್ಲಿ ಕಟ್ಟಿದ ಶಿಲ್ಪಿಯ ಮನೆ ಅದರೊಳಗೆ ಬರುವುದಿಲ್ಲ. ಹಾಗಾಗಿ ಎಲ್ಲವೂ ನಿಂತಿರುವುದು ಮನೆಯವರ ಒಪ್ಪಿಗೆ ಮತ್ತು ಒಂದು ಸರಿಯಾದ ಪತ್ರದ ಮೇಲೆ.

ಒಪ್ಪಿಗೆ ಸಿಗುವುದೇ ಕಷ್ಟ. ತೀರಿಹೋದ ಶಿಲ್ಪಿಯ ಹೆಸರಿನಲ್ಲೇ ಇರುವ ಪಹಣಿ, ಆಗದೇ ಉಳಿದ ಪಾಲು, ಮುಂಬಯಿಯಲ್ಲಿ ಒಬ್ಬ ಮಗ, ಕುವೈತ್‌ನಲ್ಲಿ ಇನ್ನೊಬ್ಬ, ಮೂಡುಬಿದಿರೆಗೆ ಮದುವೆಯಾಗಿ ಹೋದ ಮಗಳು: ಇದು ಈ ಭಾಗದ ಸಾಮಾನ್ಯ ಚಿತ್ರ. ಒಬ್ಬರ ಸಹಿ ಬಾಕಿಯಿದ್ದರೂ ಮುಂದೆ ಹತ್ತು ವರ್ಷದ ವ್ಯಾಜ್ಯಕ್ಕೆ ಬೀಜ ಬಿತ್ತಿದ ಹಾಗೆ. ಮೊದಲು ವಿಭಾಗ ಪತ್ರ, ಜಾಗ ಒಡೆಯುವುದಾದರೆ ಸರ್ವೆಯ 11ಇ ನಕ್ಷೆ, ಪಂಚಾಯತ್ ವ್ಯಾಪ್ತಿಯಲ್ಲಿ ಆಸ್ತಿಯ ನಮೂನೆ 9 ಮತ್ತು 11, ಕೊನೆಗೆ ಋಣಭಾರ ಪತ್ರ. ಆಮೇಲೆ ದಾನಪತ್ರ. ಸ್ಥಿರಾಸ್ತಿಯ ದಾನಪತ್ರ ನೋಂದಣಿಯಾಗಲೇಬೇಕು, ದಾನಿಯ ಸಹಿಯ ಜತೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ವೇದಿಕೆಯಲ್ಲಿ ಮೈಕ್ ಹಿಡಿದು ‘ಈ ಮನೆಯನ್ನು ಸಮಾಜಕ್ಕೆ ಅರ್ಪಿಸಿದ್ದೇವೆ’ ಎಂದರೆ ಕಾನೂನಿನಲ್ಲಿ ಏನೂ ಆಗುವುದಿಲ್ಲ. ರಕ್ತಸಂಬಂಧಿಗಳ ನಡುವಿನ ದಾನಕ್ಕೆ ಸಿಗುವ ಮುದ್ರಾಂಕ ಶುಲ್ಕದ ರಿಯಾಯಿತಿ ಟ್ರಸ್ಟಿಗೆ ಸಿಗದು, ಆ ಹಣವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಕೊಡಲು ಮನಸ್ಸಾಗದ ಕುಟುಂಬಕ್ಕೆ 30 ವರ್ಷದ ನೋಂದಾಯಿತ ಲೀಸ್ ಒಳ್ಳೆಯ ಮಧ್ಯಮಾರ್ಗ. ಐದು ವರ್ಷದ ಲೀಸ್ ಮೇಲೆ ಯಾರೂ ಮಾಡಿಗೆ (ಛಾವಣಿಗೆ) ಹಣ ಹಾಕಬಾರದು.

ತುಳುನಾಡಿನ ಮನೆ ಎಂದ ಮೇಲೆ ದೈವದ ಕೋಣೆ, ನಾಗಬನ ಇರುತ್ತದೆ. ಮ್ಯೂಸಿಯಂ ಆದ ಮೇಲೆ ದೈವ, ನಾಗನ ಸೇವೆಯಾದ ತಂಬಿಲ ಯಾರು ಕೊಡಿಸುವುದು, ನಾಗರಪಂಚಮಿಯ ದಿನ ಮನೆಯವರಿಗೆ ಪ್ರವೇಶ ಹೇಗೆ, ಆ ಕೋಣೆಗೆ ಪ್ರವಾಸಿಗರು ಹೋಗಬಹುದೇ ಎಂಬುದನ್ನು ಪತ್ರದಲ್ಲೇ ಬರೆಯಬೇಕು. ಬಾಯಿಮಾತಿನಲ್ಲಿ ಬಿಟ್ಟರೆ ಜ್ಯೋತಿಷಿಯನ್ನು ಕರೆಸಿ ಇಡುವ ಮೊದಲ ಅಷ್ಟಮಂಗಲ ಪ್ರಶ್ನೆಯಲ್ಲೇ ವಿಷಯ ತಲೆಯೆತ್ತುತ್ತದೆ.

ಜನ ಮರೆಯುವ ಸಂಗತಿ ಇನ್ನೆರಡಿವೆ. ಮನೆಯ ದಾನಪತ್ರದಲ್ಲಿ ಉಳಿ, ನಕ್ಷೆ, ಪ್ಲಾಸ್ಟರ್ ಮಾದರಿ ತಾನಾಗಿ ಸೇರುವುದಿಲ್ಲ. ಅವಕ್ಕೆ ಬೇರೆ ಪಟ್ಟಿ ಬೇಕು, ಪುಟ ಪುಟಕ್ಕೂ ಸಹಿ ಬೇಕು. ಹಾಗೆಯೇ ವಸ್ತು ಕೊಟ್ಟರೆ ಕೃತಿಸ್ವಾಮ್ಯ ಕೊಟ್ಟಂತಾಗುವುದಿಲ್ಲ. ಶಿಲ್ಪಿ ತೀರಿಕೊಂಡ ಮೇಲೆ 60 ವರ್ಷ ಅದು ವಾರಸುದಾರರದ್ದು. 1985ರಲ್ಲಿ ತೀರಿಕೊಂಡವರ ಮಾದರಿಯಿಂದ ಪುಟ್ಟ ಪ್ರತಿಗಳನ್ನು ಮಾಡಿ ಮ್ಯೂಸಿಯಂ ಅಂಗಡಿಯಲ್ಲಿ ಮಾರಬೇಕಾದರೆ 2045ರ ಕೊನೆಯವರೆಗೂ ಅವರ ಲಿಖಿತ ಅನುಮತಿ ಬೇಕು.

ಏನನ್ನೂ ಸರಿಸುವ ಮೊದಲು

ಬೀಗ ತೆರೆದ ದಿನವೇ ಗುಡಿಸಲು ಪೊರಕೆ ಹಿಡಿದವರು ಬರುತ್ತಾರೆ. ಅವರನ್ನು ತಡೆಯುವುದೇ ಮೊದಲ ಕೆಲಸ. ಕೊಟ್ಟಿಗೆಯ ನೆಲವನ್ನು ದಾರ ಕಟ್ಟಿ 1 ಮೀಟರ್ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕವನ್ನು ಮೇಲಿನಿಂದ ಮತ್ತು ನಾಲ್ಕು ಬದಿಯಿಂದ ಫೋಟೋ ತೆಗೆದು, ಯಾವ ವಸ್ತು ಯಾವ ಚೌಕದಲ್ಲಿತ್ತು ಎಂದು ಬರೆಯಬೇಕು. ಗೋಡೆಯ ಮೇಲಿನ ಇದ್ದಿಲಿನ ಗೆರೆ, ಕೆಮ್ಮಣ್ಣಿನ ದಾರ ಬಡಿದ ಗುರುತು, ಫೋನ್ ನಂಬರು, ಕೂಲಿಯ ಲೆಕ್ಕ ಇವೆಲ್ಲ ದಾಖಲೆ. ಸುಣ್ಣ ಬಳಿದರೆ ಅವು ಹೋದವು. ನೆಲದ ಕಲ್ಲಿನ ಚಕ್ಕೆಗಳನ್ನೂ ಎಸೆಯಬಾರದು: ದಪ್ಪ ಚಕ್ಕೆ ಬಿದ್ದ ಕಡೆ ಒರಟು ಕೆಲಸ, ಸಣ್ಣ ಹುಡಿ ಬಿದ್ದ ಕಡೆ ನಯದ ಕೆಲಸ ನಡೆಯುತ್ತಿತ್ತು ಎಂದು ಅವೇ ಹೇಳುತ್ತವೆ.

ಕುಲುಮೆಯ ಮೂಲೆಯನ್ನು ಕೊಂಚ ನಿಂತು ನೋಡಬೇಕು. ಕರಿ ಹಿಡಿದ ಗೋಡೆ, ತಿದಿ ಅಥವಾ ಕೈಯಿಂದ ತಿರುಗಿಸುವ ಬೀಸಣಿಗೆ, ಅಡಿಗಲ್ಲು, ಒಂದು ಹಳೆಯ ಡಬ್ಬದಲ್ಲಿ ನೀರು. ನೆಲ್ಲಿಕಾರಿನ ಕಪ್ಪು ಕಲ್ಲಿಗೆ ಉಳಿಯ ಮೊನೆ ಬೇಗ ಮೊಂಡಾಗುತ್ತದೆ, ಆಗಾಗ ಕಾಯಿಸಿ, ಬಡಿದು, ಮತ್ತೆ ಹದ ಕೊಡಬೇಕು. ಕಾದ ಉಕ್ಕು ಎಷ್ಟು ಕಾದಿದೆ, ತಣಿಯುವಾಗ ಮೊನೆಯತ್ತ ಓಡುವ ಹಳದಿ, ಕಂದು, ನೀಲಿ ಛಾಯೆ ಎಲ್ಲಿಗೆ ಬಂತು ಎಂದು ಕಣ್ಣಲ್ಲೇ ಅಳೆಯಬೇಕು. ಪ್ರಖರ ಬೆಳಕಿನಲ್ಲಿ ಆ ಬಣ್ಣ ತಿಳಿಯುವುದಿಲ್ಲ. ಕುಲುಮೆ ಕತ್ತಲ ಮೂಲೆಯಲ್ಲಿರುವುದು ಅದಕ್ಕಾಗಿ. ‘ಇಲ್ಲಿ ಕತ್ತಲಾಯ್ತು’ ಎಂದು ಅಲ್ಲೊಂದು ಕಿಟಕಿ ಒಡೆಯುವುದು, ಮೇಲೊಂದು ಸ್ಪಾಟ್‌ಲೈಟ್ ಹಾಕುವುದು ಆ ಮೂಲೆಯ ಅರ್ಥವನ್ನೇ ಅಳಿಸುವ ಕೆಲಸ. ಮಬ್ಬು ಬೆಳಕನ್ನು ಹಾಗೆಯೇ ಬಿಟ್ಟು, ನೋಡುಗರು ನಿಲ್ಲುವಲ್ಲಿ ಮಾತ್ರ ನೆಲಮಟ್ಟದ ಸಣ್ಣ ದೀಪ ಕೊಟ್ಟರೆ ಸಾಕು.

ನಂಬರ್ ಹಾಕುವುದಕ್ಕೂ ಕ್ರಮವಿದೆ. ಸ್ಟಿಕ್ಕರ್ ನಮ್ಮ ಮಳೆಗಾಲಕ್ಕೆ ನಿಲ್ಲುವುದಿಲ್ಲ, ಅಂಟು ಮಾತ್ರ ಉಳಿಯುತ್ತದೆ. ಕಲ್ಲು ಮತ್ತು ಮರದ ವಸ್ತುಗಳ ಹಿಂಬದಿಯಲ್ಲಿ, ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ತೆಳು ಲೇಪ ಹಚ್ಚಿ, ಒಣಗಿದ ಮೇಲೆ ಶಾಯಿಯಲ್ಲಿ ಬರೆದು, ಮೇಲೆ ಇನ್ನೊಂದು ಲೇಪ ಕೊಡುತ್ತಾರೆ. ಬೇಡವೆಂದರೆ ಅಸಿಟೋನ್‌ನಲ್ಲಿ ಒರೆಸಿ ತೆಗೆಯಬಹುದು. ಪ್ಲಾಸ್ಟರ್ ದ್ರವವನ್ನು ಹೀರುತ್ತದೆ, ಅದಕ್ಕೆ ಮತ್ತು ಕಬ್ಬಿಣದ ಉಳಿಗಳಿಗೆ ಹತ್ತಿ ದಾರದ ಚೀಟಿಯೇ ಲೇಸು. ಉಳಿಗಳಿಗೆ ತೆಂಗಿನೆಣ್ಣೆ ಸವರುವ ರೂಢಿ ಬಿಡಬೇಕು. ಅದು ಕಮಟು ಹಿಡಿದು ಅಂಟಾಗುತ್ತದೆ, ಧೂಳು ಕೂರುತ್ತದೆ, ಅಡಿಯಲ್ಲಿ ತುಕ್ಕು ನಡೆಯುತ್ತಲೇ ಇರುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಳುವಾಗಿ ಮೈಕ್ರೋಕ್ರಿಸ್ಟಲಿನ್ ಮೇಣ ಹಚ್ಚುವುದು ಸರಿ.

ಮಾಡು, ಗೋಡೆ, ಮಳೆ

ಮಂಗಳೂರು–ಉಡುಪಿಯಲ್ಲಿ ವರ್ಷಕ್ಕೆ ಬೀಳುವ ಮಳೆ 3,500 ಮಿಲಿಮೀಟರ್‌ನ ಆಸುಪಾಸು ಅಥವಾ ಮೇಲೆ, ಕಾರ್ಕಳದ ಕಡೆ ಇನ್ನೂ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದ್ದರಿಂದ ಹಣ ಎಷ್ಟೇ ಇರಲಿ, ಮೊದಲ ರೂಪಾಯಿ ಮಾಡಿಗೆ ಹೋಗಬೇಕು. ಮಂಗಳೂರು ಹಂಚು 1 ಚದರ ಮೀಟರ್‌ಗೆ ಸುಮಾರು 15 ಬೇಕು. 70 ಚದರ ಮೀಟರ್ ಮಾಡಿನ ಕೊಟ್ಟಿಗೆಗೆ 1,050 ಹಂಚು, ಒಡೆಯುವುದಕ್ಕೆಂದು ಇನ್ನೂ ನೂರು. ಹಳೆಯದನ್ನು ಇಳಿಸುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಟಣ್ ಎಂದದ್ದನ್ನು ಉಳಿಸಿಕೊಳ್ಳಬೇಕು. ಬೊದ್ದು ಸದ್ದು ಬಂದದ್ದರಲ್ಲಿ ಬಿರುಕಿದೆ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ್ದರಿಂದ ಅದೇ ಅಳತೆಯ ಹೊಸ ಹಂಚು ಸಿಗುವುದು ಕಷ್ಟ, ಒಂದು ಕಾರ್ಖಾನೆಯ ಹಂಚಿನ ತೋಡಿಗೆ ಇನ್ನೊಂದರ ಅಂಚು ಕೂರುವುದಿಲ್ಲ. ಊರಲ್ಲಿ ಹಳೆಯ ಮನೆ ಕೆಡವುವ ಸುದ್ದಿ ಬಂದಾಗಲೇ ಅದೇ ಮುದ್ರೆಯ ಹಂಚನ್ನು ಕೊಂಡು ಪೇರಿಸಿಡಬೇಕು. ತಗಡಿನ ಶೀಟು ಅಗ್ಗ, ನಿಜ. ಅದರಡಿಯಲ್ಲಿ ರಾತ್ರಿ ನೀರಿನ ಹನಿ ಕಟ್ಟಿ ಬೆಳಗ್ಗೆ ಪ್ಲಾಸ್ಟರ್ ಮಾದರಿಗಳ ಮೇಲೆ ತೊಟ್ಟಿಕ್ಕುತ್ತದೆ.

ಮಾಡಿನ ಮರಗಳಾದ ಪಕ್ಕಾಸು, ರೀಪುಗಳನ್ನು ಚಾಕುವಿನ ಮೊನೆಯಿಂದ ಚುಚ್ಚಿ ಪರೀಕ್ಷಿಸಬೇಕು. ಮಾಡು ಗೋಡೆಯ ಮೇಲೆ ಕೂರುವ ತುದಿಯೇ ಮೊದಲು ಕೊಳೆಯುವುದು, ಮಧ್ಯಭಾಗ ಗಟ್ಟಿಯಾಗಿರುತ್ತದೆ. ಇಡೀ ಪಕ್ಕಾಸು ಬದಲಿಸುವ ಬದಲು ಕೊಳೆತ ಎರಡಡಿಯನ್ನು ಕತ್ತರಿಸಿ ಅದೇ ಜಾತಿಯ ಮರ ಬೆಸೆಯಬಹುದು, ಅದನ್ನು ಮಾಡಬಲ್ಲ ಆಚಾರಿಗಳು ಇನ್ನೂ ಇದ್ದಾರೆ. ಮಾಡಿನ ಮರಕ್ಕೆ ಗೇರು ಎಣ್ಣೆ ಬಳಿಯುವುದು ನಮ್ಮ ಹಳೆಯ ಪದ್ಧತಿ, ಗೆದ್ದಲು ತಡೆಯಲು ಒಳ್ಳೆಯದೇ. ಆದರೆ ಕೆಳಗೆ ಮಾದರಿಗಳಿದ್ದಾಗ ಬಳಿಯಬಾರದು. ಬಿದ್ದ ಕಲೆ ಎಂದೂ ಹೋಗುವುದಿಲ್ಲ. ಅಂಥಲ್ಲಿ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣ ಮೇಲು.

ಗೋಡೆಯಲ್ಲಿ ಆಗುವ ಅನಾಹುತಕ್ಕೆ ಒಂದೇ ಹೆಸರು: ಸಿಮೆಂಟ್. ಮುರಕಲ್ಲು (ಜಂಬಿಟ್ಟಿಗೆ) ತೂತುತೂತಾದ ಕಲ್ಲು, ನೆಲದ ಪಸೆಯನ್ನು ಮೇಲಕ್ಕೆಳೆದು ಸುಣ್ಣದ ಗಾರೆಯ ಮೂಲಕ ಹೊರಬಿಡುತ್ತದೆ. ಸಿಮೆಂಟ್ ಗಿಲಾವು ಹೊದಿಸಿದರೆ ನೀರು ಒಳಗೇ ಉಳಿದು, ಉಪ್ಪು ಒಳಗೇ ಹರಳುಗಟ್ಟಿ, ನಾಲ್ಕೈದು ಮಳೆಗಾಲ ಕಳೆಯುವಾಗ ಗಿಲಾವು ಹಪ್ಪಳದ ಹಾಗೆ ಎದ್ದು ಬರುತ್ತದೆ, ಹಿಂದಿನ ಕಲ್ಲು ಹುಡಿಯಾಗಿರುತ್ತದೆ. ಆಗ ‘ಹಳೆ ಗೋಡೆ ದುರ್ಬಲ’ ಎಂದು ತೀರ್ಪು ಕೊಟ್ಟು ಕೆಡವುತ್ತಾರೆ. ಚೆನ್ನಾಗಿ ನೆನೆದು ಹುಳಿತ ಸುಣ್ಣ 1 ಪಾಲು, ಉಪ್ಪಿಲ್ಲದ ಹೊಳೆ ಮರಳು 3 ಪಾಲು. ತೆಳುವಾಗಿ ಎರಡು ಸಲ ಹಚ್ಚಿ, ಒಂದು ವಾರವಾದರೂ ಗೋಣಿ ತಟ್ಟಿನಿಂದ ತೇವ ಕಾಯಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ, ತಿಂಗಳುಗಟ್ಟಲೆ. ಆದ್ದರಿಂದ ಮಾಡು ಬಿಚ್ಚುವುದು ನವೆಂಬರ್–ಡಿಸೆಂಬರ್‌ನಲ್ಲಿ, ಗೋಡೆ ಜನವರಿ–ಫೆಬ್ರವರಿಯಲ್ಲಿ, ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲು ಎಲ್ಲ ಮುಗಿದಿರಬೇಕು. ಮಾರ್ಚ್ 31ರೊಳಗೆ ಅನುದಾನ ಖರ್ಚು ಮಾಡಬೇಕೆಂದು ಫೆಬ್ರವರಿಯಲ್ಲಿ ಟೆಂಡರ್ ಕರೆಯುವ ಪದ್ಧತಿ ಈ ಕ್ಯಾಲೆಂಡರಿಗೆ ಹೊಂದುವುದಿಲ್ಲ. ಅನುದಾನ ಕೊಡುವ ಇಲಾಖೆಯವರೊಂದಿಗೆ ಈ ಮಾತನ್ನು ಆರಂಭದಲ್ಲೇ ಆಡಬೇಕು.

ಬೆಳಕಿನ ಬಗ್ಗೆ ಒಂದು ಮಾತು. ಶಿಲ್ಪಿಯ ಸ್ಟುಡಿಯೊಗೆ ಉತ್ತರದ ಕಿಟಕಿ ಎಂಬುದು ಯುರೋಪಿನ ಸೂತ್ರ. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಮೋಡವಿಲ್ಲದ ಮೇ ತಿಂಗಳಲ್ಲಿ ಉತ್ತರದ ಕಿಟಕಿಯಿಂದಲೂ ನೇರ ಬಿಸಿಲು ಬರುತ್ತದೆ. ಕಲ್ಲಿಗೆ, ಪ್ಲಾಸ್ಟರಿಗೆ ಅದರಿಂದ ತೊಂದರೆಯಿಲ್ಲ. ಕಾಗದದ ನಕ್ಷೆಗಳು ಮಾತ್ರ ಅಲ್ಲಿರಬಾರದು. ಅವಕ್ಕೆ ಬೆಳಕಿನ ಮಿತಿ 50 ಲಕ್ಸ್, ಪ್ರದರ್ಶನದಲ್ಲಿ ಪ್ರತಿಯನ್ನಿಟ್ಟು ಮೂಲವನ್ನು ಕಪಾಟಿನಲ್ಲಿಡುವುದು ಎಲ್ಲಕ್ಕಿಂತ ಸುರಕ್ಷಿತ.

ಆಟಿ ತಿಂಗಳ ಪಸೆ

ತೇವಾಂಶ ಶೇ. 65–70 ದಾಟಿ ಕೆಲವು ದಿನ ನಿಂತರೆ ಬೂಷ್ಟು ಹಿಡಿಯುತ್ತದೆ. ಆಟಿಯಲ್ಲಿ (ಜುಲೈ–ಆಗಸ್ಟ್) ನಮ್ಮ ಮನೆಗಳೊಳಗೆ ಅದು 85ರ ಮೇಲಿರುತ್ತದೆ. ಹಾಗೆಂದು ಹಂಚಿನ ಕೊಟ್ಟಿಗೆಗೆ ಎಸಿ ಹಾಕುವುದು ದುಡ್ಡು ಕೊಟ್ಟು ರೋಗ ತಂದಂತೆ. ಹಗಲು ಹಾಕಿ ಸಂಜೆ ಆರಿಸುವ ಎಸಿಯಿಂದ ದಿನಕ್ಕೊಮ್ಮೆ ತೇವ ಏರಿಳಿದು ಮರ ಸೀಳುತ್ತದೆ, ತಣ್ಣಗಾದ ವಸ್ತುಗಳ ಮೇಲೆ ನೀರು ಕಟ್ಟುತ್ತದೆ. ಗಾಳಿ ಆಡುವ ಜಾಗದಲ್ಲಿ ಗಾಳಿ ಆಡಲಿ, ಗೋಡೆಗೂ ವಸ್ತುವಿಗೂ ನಡುವೆ ಒಂದಡಿ ಬಿಡಿ, ಫ್ಯಾನ್ ರಾತ್ರಿಯೂ ನಿಧಾನವಾಗಿ ತಿರುಗುತ್ತಿರಲಿ. ನಾಜೂಕಾದ ವಸ್ತುಗಳಿಗೆ ಮಾತ್ರ ಮನೆಯೊಳಗಿನ ಒಂದು ಕೋಣೆಯನ್ನು ಮುಚ್ಚಿ, ಡಿಹ್ಯುಮಿಡಿಫೈಯರ್ ಇಟ್ಟು, ವರ್ಷವಿಡೀ ಒಂದೇ ಮಟ್ಟ ಕಾಯ್ದುಕೊಳ್ಳಬೇಕು.

ಅತಿ ನಾಜೂಕು ಯಾವುದೆಂದರೆ ಪ್ಲಾಸ್ಟರ್. ಕಲ್ಲಿನ ಮೂರ್ತಿ ಊರು ಬಿಟ್ಟು ಹೋದ ಮೇಲೆ ಶಿಲ್ಪಿಯ ಮೊದಲ ಯೋಚನೆ ಉಳಿದಿರುವುದು ಅದರಲ್ಲೇ, ಹಾಗಾಗಿ ಸಂಗ್ರಹದ ಅತ್ಯಮೂಲ್ಯ ವಸ್ತುವೂ ಅದೇ. ಪ್ಲಾಸ್ಟರ್ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಕರಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೆರಳ ಗುರುತಿನಷ್ಟು ಸೂಕ್ಷ್ಮ ವಿವರಗಳು ಮಾಯವಾಗುತ್ತವೆ. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿದಾಗ ಕೈ, ಕಾಲಿನ ಗಂಟಿನಲ್ಲಿ ಸೀಳು ಬರುತ್ತದೆ, ಕಂದು ಕಲೆ ಹೊರಬರುತ್ತದೆ. ಅದಕ್ಕೆ ಬಿಳಿ ಬಣ್ಣ ಬಳಿದು ಮುಚ್ಚುವುದು ಎಲ್ಲೆಡೆ ಕಾಣುವ ತಪ್ಪು. ಒಣ ಮೃದು ಬ್ರಷ್, ಬಲೆ ಕಟ್ಟಿದ ವ್ಯಾಕ್ಯೂಮ್, ತೇವ ಕಡಿಮೆ ಮಾಡುವುದು, ಉಳಿದದ್ದು ತರಬೇತಾದ ಸಂರಕ್ಷಕರಿಗೆ. ಮಂಗಳೂರಿಗೆ ಅಂಥವರು ಬಂದು ಮಾಡಿದ ಒಳ್ಳೆಯ ಕೆಲಸದ ಉದಾಹರಣೆ ಕಣ್ಣೆದುರೇ ಇದೆ: ಸಂತ ಅಲೋಶಿಯಸ್ ಚಾಪೆಲ್‌ನ ಮೊಸ್ಕೇನಿ ಚಿತ್ರಗಳು 1990ರ ದಶಕದಲ್ಲಿ ಹೀಗೆಯೇ ಉಳಿದವು.

ಕಡಲ ಗಾಳಿಯ ಉಪ್ಪು ಪಂಚಲೋಹ ಮತ್ತು ಕಂಚಿನ ಶತ್ರು. ತಿಳಿಹಸಿರು ಹುಡಿ ಉದುರುತ್ತಿದ್ದರೆ ಅದು ಶೋಭೆ ಕೊಡುವ ಹಳೆಯ ಬಣ್ಣವಲ್ಲ, ಒಳಗೆ ಲೋಹ ತಿನ್ನುತ್ತಿರುವ ಕ್ಲೋರೈಡ್. ತೇವಾಂಶ ಶೇ. 40ರ ಕೆಳಗಿದ್ದರಷ್ಟೇ ಅದು ನಿಲ್ಲುತ್ತದೆ, ಇಲ್ಲಿ ತೆರೆದ ಕೋಣೆಯಲ್ಲಿ ಅದು ಸಾಧ್ಯವಿಲ್ಲ. ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜತೆ ಇಟ್ಟು, ಕಿತ್ತಳೆ ಕಾಳು ಹಸಿರಾದಾಗ ತೆಗೆದು ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬೇಕು. ಹುಣಸೆಹುಳಿ ಹಾಕಿ ತಿಕ್ಕುವುದು ಬೇಡ.

ಜನ ಮತ್ತು ಭಾರ

1 ಘನ ಅಡಿ ಕಪ್ಪು ಕಲ್ಲು ಸುಮಾರು 80 ಕಿಲೋ. 4 ಅಡಿ ಎತ್ತರ, 2 ಅಡಿ ಅಗಲ, 1 ಅಡಿ ದಪ್ಪದ ಅರೆಕೆತ್ತಿದ ಕಲ್ಲು 640 ಕಿಲೋ ತೂಗುತ್ತದೆ. ಅದನ್ನು ಚಾವಡಿಯಲ್ಲಿ ಚಂದ ಕಾಣುತ್ತದೆಂದು ಕಾವಿ ನೆಲದ ಮೇಲೆ ತಂದಿಟ್ಟರೆ ನೆಲ ಕುಸಿಯುತ್ತದೆ. ಅದು ಇದ್ದಲ್ಲೇ ಇರಲಿ. ಉಪ್ಪರಿಗೆಯ ಮರದ ಹಾಸು ಮನೆಮಂದಿಗೆ ಕಟ್ಟಿದ್ದು. ವಾಸದ ಮನೆಗೆ ಚದರ ಮೀಟರ್‌ಗೆ 200 ಕಿಲೋ ಲೆಕ್ಕ ಹಿಡಿದರೆ ಜನ ಸೇರುವ ಜಾಗಕ್ಕೆ 400–500 ಹಿಡಿಯುತ್ತಾರೆ. ಒಂದು ಬಸ್ಸಿನ ಶಾಲಾ ಮಕ್ಕಳನ್ನು ಒಟ್ಟಿಗೆ ಮೇಲೆ ಹತ್ತಿಸಬಾರದು, ಎಂಟು–ಹತ್ತು ಜನರ ಗುಂಪು ಸಾಕು.

ಕೆತ್ತನೆ ಕಲಿಸುವ ಶಿಬಿರ ನಡೆಯಲಿ ಎಂಬ ಆಸೆ ನಮ್ಮದೂ ಹೌದು. ಮಿಯ್ಯಾರಿನ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಿಂದ ಕಲಿತು ಬಂದ ಯುವಕರು ಊರಲ್ಲೇ ಇದ್ದಾರೆ, ಕೈ ಜೋಡಿಸುತ್ತಾರೆ. ಆದರೆ ಹಳೆಯ ಕೊಟ್ಟಿಗೆಯೊಳಗೆ ಗ್ರೈಂಡರ್ ಬೇಡ. ಕಲ್ಲಿನ ಹುಡಿ ಪ್ಲಾಸ್ಟರಿನ ಮೇಲೂ ಜನರ ಶ್ವಾಸಕೋಶದಲ್ಲೂ ಕೂರುತ್ತದೆ. ಗಾಳಿ ಹೊರಹೋಗುವ ದಿಕ್ಕಿನಲ್ಲಿ ಬೇರೆ ಚಪ್ಪರ ಹಾಕಿ, ನೀರು ಬಿಟ್ಟು ಕತ್ತರಿಸುವ ಏರ್ಪಾಡು ಮಾಡಬೇಕು.

ಉದ್ಘಾಟನೆಯ ಮರುದಿನದ ಖರ್ಚಿನ ಲೆಕ್ಕ ಕಡಿಮೆ ಜನ ಹಾಕುತ್ತಾರೆ. ಇಬ್ಬರು ಸಿಬ್ಬಂದಿ, ಕರೆಂಟು, ವರ್ಷಕ್ಕೊಮ್ಮೆ ಮಾಡು ಹತ್ತಿ ಹಂಚು ಬದಲಿಸುವುದು, ಗೆದ್ದಲಿನ ಮದ್ದು, ಸಂರಕ್ಷಕರ ಭೇಟಿ ಎಲ್ಲ ಸೇರಿ ವರ್ಷಕ್ಕೆ 12 ಲಕ್ಷ ಎಂದಿಟ್ಟುಕೊಳ್ಳಿ. ದಿನಕ್ಕೆ 30 ಜನ, 50 ರೂಪಾಯಿ ಟಿಕೆಟ್, 300 ದಿನ: 4.5 ಲಕ್ಷ. ಪೂರ್ತಿ 12 ಲಕ್ಷವೂ ಠೇವಣಿಯ ಬಡ್ಡಿಯಿಂದಲೇ ಬರಬೇಕೆಂದರೆ ಶೇ. 6.5ರ ದರದಲ್ಲಿ 1.85 ಕೋಟಿ ಬೇಕು, ಟಿಕೆಟ್ ಹಣ ನಂಬಿದರೂ 1.15 ಕೋಟಿಗೆ ಕಡಿಮೆಯಾಗದು. ಕೇಂದ್ರ ಸಂಸ್ಕೃತಿ ಸಚಿವಾಲಯದ ಮ್ಯೂಸಿಯಂ ಅನುದಾನ ಯೋಜನೆಯಂಥವು ಕಟ್ಟಲು, ಜೋಡಿಸಲು ನೆರವಾಗುತ್ತವೆ. ದಿನನಿತ್ಯದ ಸಂಬಳವನ್ನು ಊರೇ ಹೊರಬೇಕು. ಟ್ರಸ್ಟ್ ಆದ ತಕ್ಷಣ ಟ್ರಸ್ಟಿಗೂ ದಾನಿಗಳಿಗೂ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ ಮಾಡಿಸಿದರೆ ಮುಂಬಯಿ, ಬೆಂಗಳೂರಿನ ಊರವರಿಂದ ದೇಣಿಗೆ ಕೇಳುವುದು ಸುಲಭ. ಈ ಠೇವಣಿ ಅರ್ಧವಾದರೂ ಕೂಡಿ ಬರುವ ಮೊದಲು ಉದ್ಘಾಟನೆಯ ದಿನ ಗೊತ್ತುಮಾಡಬಾರದು.

ಇದೆಲ್ಲಕ್ಕೂ ವರ್ಷಗಳು ಬೇಕು. ಕಾಯದೆ ಇವತ್ತೇ ಶುರು ಮಾಡಬೇಕಾದ ಕೆಲಸವೂ ಒಂದಿದೆ: ಶಿಲ್ಪಿಯ ಜತೆ ಕೆಲಸ ಮಾಡಿದ ಸಹಾಯಕರು, ಕಲ್ಲು ಸಾಗಿಸಿದವರು, ಉಳಿ ಕಾಯಿಸಿಕೊಟ್ಟ ಆಚಾರಿಗಳು ಈಗ ಎಪ್ಪತ್ತು–ಎಂಬತ್ತರ ವಯಸ್ಸಿನವರು. ದಾನಪತ್ರಕ್ಕೆ, ಅನುದಾನಕ್ಕೆ ಕಾಯದೆ ಅವರನ್ನು ಕೊಟ್ಟಿಗೆಗೇ ಕರೆತಂದು, ಅವರ ತುಳುವಿನಲ್ಲೋ ಕೊಂಕಣಿಯಲ್ಲೋ ಮಾತಾಡಿಸಿ, ವಿಡಿಯೊ ಮಾಡಿಕೊಳ್ಳಬೇಕು. ಕೇಳಬೇಕಾದದ್ದು ‘ಅವರು ಎಂಥ ಮಹಾನುಭಾವರು’ ಎಂದಲ್ಲ. ಕಲ್ಲು ಯಾವ ಗಣಿಯಿಂದ ಬರುತ್ತಿತ್ತು, ತಟ್ಟಿದಾಗ ಯಾವ ಸದ್ದಿಗೆ ಬೇಡವೆನ್ನುತ್ತಿದ್ದರು, ಮೂರ್ತಿಯ ಅಳತೆಗೆ ಬೇಕಾದ ತಾಳಮಾನದ ಪಟ್ಟಿ ಎಲ್ಲಿ ಗುರುತು ಮಾಡಿದ್ದರು, ಕಣ್ಣು ಬಿಡಿಸುವ ಕೆಲಸಕ್ಕೆ ಯಾವ ಉಳಿ, ಅರ್ಧ ಟನ್ನಿನ ಕಲ್ಲನ್ನು ಮಗ್ಗುಲು ತಿರುಗಿಸಲು ಎಷ್ಟು ಜನ, ಹಲಸಿನ ದಿಮ್ಮಿಯನ್ನು ಎಲ್ಲಿ ಆಧಾರವಾಗಿ ಕೊಡುತ್ತಿದ್ದರು. ಪ್ರಶ್ನೆ ಕೇಳುವಾಗ ಅವರ ಕೈಗೆ ಅದೇ ಉಳಿ, ಅದೇ ಕೊಡತಿ ಕೊಡಬೇಕು.